ಸೆಕೆಂಡಿಗೆ ಹನ್ನೊಂದು ಫ್ರೇಮು: ದೋಷ ಗಣಕದ್ದೋ, ಅಳತೆಯದ್ದೋ?

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿನ ಪ್ರೌಢಶಾಲೆಯೊಂದರ ಗಣಕ ಕೊಠಡಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಒಂದೇ ಮಾದರಿಯ ಎರಡು ಹಳೆಯ ಗಣಕಗಳಿವೆ. ಅಣುಗಳ ಆಕಾರವನ್ನು ಮೂರು ಆಯಾಮಗಳಲ್ಲಿ ತಿರುಗಿಸಿ ತೋರಿಸುವ ಜಾಲಪುಟವನ್ನು ವಿಜ್ಞಾನ ಶಿಕ್ಷಕರು ತೆರೆದರೆ ಮೊದಲನೆಯ ಗಣಕದಲ್ಲಿ ಚಿತ್ರ ತಡವರಿಸುತ್ತದೆ. ಅವರು 'ವೆಬ್‌ಜಿಎಲ್ ಅಕ್ವೇರಿಯಂ' ಎಂಬ ಪರೀಕ್ಷಾ ಪುಟವನ್ನು ತೆರೆದು 500 ಮೀನುಗಳನ್ನು ಈಜಲು ಬಿಡುತ್ತಾರೆ. ಸೆಕೆಂಡಿಗೆ 11 ಫ್ರೇಮು ಎಂದು ತೋರಿಸುತ್ತದೆ. ಪಕ್ಕದ ಗಣಕದಲ್ಲಿ 60! ಮೊದಲನೆಯದನ್ನು ಗುಜರಿಗೆ ಹಾಕಿ, ಹೊಸದಕ್ಕಾಗಿ ದಾನಿಗಳಿಗೆ ಅರ್ಜಿ ಬರೆಯಬೇಕೆ? ಶಾಲೆಗೆ ಬರುವ ಅಲ್ಪ ಹಣದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ವರ್ನಿಯರ್ ಕ್ಯಾಲಿಪರ್ಸ್ ಕೈಗೆತ್ತಿಕೊಂಡ ಕೂಡಲೇ ಶೂನ್ಯ ದೋಷ ನೋಡಿರೆಂದು ಮಕ್ಕಳಿಗೆ ಹೇಳುತ್ತೇವೆ. ಪರದೆಯ ಮೇಲೆ ಮೂಡುವ ಅಂಕಿಯನ್ನು ಮಾತ್ರ ಹಾಗೆಯೇ ನಂಬಿಬಿಡುತ್ತೇವೆ.

ಮೊದಲು ಈ ಅಂಕಿಯ ಅರ್ಥ ನೋಡೋಣ. ಸಾಮಾನ್ಯ ಪರದೆಯು ಸೆಕೆಂಡಿಗೆ 60 ಬಾರಿ ಹೊಸ ಚಿತ್ರವನ್ನು ತೋರಿಸಬಲ್ಲದು. ಎಂದರೆ ಒಂದು ಫ್ರೇಮು ಸಿದ್ಧವಾಗಲು ಇರುವ ಕಾಲ ಸುಮಾರು 16.7 ಮಿಲಿಸೆಕೆಂಡು. ಬ್ರೌಸರ್ ಈ ತಾಳಕ್ಕೆ ತಕ್ಕಂತೆಯೇ ಚಿತ್ರ ಬಿಡಿಸುತ್ತದೆ. ಆದ್ದರಿಂದ ಅತಿ ವೇಗದ ಗಣಕವೂ ಸಾಧಾರಣ ಗಣಕವೂ ಎರಡೂ 60 ಎಂದೇ ತೋರಿಸಬಹುದು. 75 ಹರ್ಟ್ಸ್ ಪರದೆ ಜೋಡಿಸಿದರೆ ಅಂಕಿ 75ಕ್ಕೆ ಏರಬಹುದು. ಅದರಿಂದ ಗಣಕವೇನೂ ಚುರುಕಾಗಲಿಲ್ಲ. ಈ ತೊಡಕಿನಿಂದ ಪಾರಾಗಲು ವೆಬ್‌ಕಿಟ್ ತಂಡವು 2016ರಲ್ಲಿ ಹೊರತಂದ ಮೋಷನ್‌ಮಾರ್ಕ್ ಪರೀಕ್ಷೆ ಪ್ರಶ್ನೆಯನ್ನೇ ತಿರುಗಿಸಿತು. ವೇಗ ಎಷ್ಟು ಎಂದು ಕೇಳುವ ಬದಲು, ನಿಗದಿತ ವೇಗ ಕುಸಿಯದಂತೆ ಎಷ್ಟು ಹೊರೆ ಹೊರಬಲ್ಲೆ ಎಂದು ಅದು ಕೇಳುತ್ತದೆ. ಅಕ್ವೇರಿಯಂನಲ್ಲೂ ಮೀನುಗಳ ಸಂಖ್ಯೆ ಹೆಚ್ಚಿಸುತ್ತ ಹೋಗಿ, 60 ಯಾವಾಗ ಕುಸಿಯುತ್ತದೆಂದು ಗುರುತಿಸಬಹುದು.

ಈಗ ಮೂಲ ಪ್ರಶ್ನೆಗೆ ಬರೋಣ. ಮೀನುಗಳನ್ನು ಬಿಡಿಸುತ್ತಿರುವವರು ಯಾರು? ಜಾಲಪುಟವೊಂದು ಬೇರೆ ಪ್ಲಗ್‌ಇನ್ ಇಲ್ಲದೆ ಜಿಪಿಯು, ಅಂದರೆ ಗ್ರಾಫಿಕ್ಸ್ ಸಂಸ್ಕಾರಕವನ್ನು ಬಳಸಲು ಅನುವು ಮಾಡುವ ವೆಬ್‌ಜಿಎಲ್ ಮಾನಕದ ಮೊದಲ ಆವೃತ್ತಿಯನ್ನು ಕ್ರೋನೋಸ್ ಕೂಟವು 2011ರಲ್ಲಿ ಪ್ರಕಟಿಸಿತು. ಆದರೆ ಜಿಪಿಯು ಸಿಗದಿದ್ದರೆ ಅನೇಕ ವೇಳೆ ಬ್ರೌಸರ್ ಸುಮ್ಮನೆ ಆ ಕೆಲಸವನ್ನು ಸಿಪಿಯುಗೆ ವಹಿಸಿಬಿಡುತ್ತದೆ. 1366×768ರ ಪರದೆಯಲ್ಲಿ 10,49,088 ಬಿಂದುಗಳಿವೆ. ಸೆಕೆಂಡಿಗೆ 60 ಸಲವೆಂದರೆ ಸುಮಾರು 6.3 ಕೋಟಿ ಬಿಂದುಗಳಿಗೆ ಬಣ್ಣ ತುಂಬಬೇಕು. ನೂರಾರು ಪುಟ್ಟ ಗಣನಾ ಘಟಕಗಳು ಏಕಕಾಲಕ್ಕೆ ದುಡಿಯುವ ಜಿಪಿಯುಗೆ ಇದು ಹಗುರ. ಬೆರಳೆಣಿಕೆಯ ಕೋರ್‌ಗಳಿರುವ ಸಿಪಿಯು ಏದುಸಿರು ಬಿಡುತ್ತದೆ. 11 ಎಂಬ ಅಂಕಿಯ ಹಿಂದೆ ಹೆಚ್ಚಾಗಿ ಇರುವುದು ಇದೇ.

ಪತ್ತೆ ಮಾಡುವುದು ಸುಲಭ. ಕ್ರೋಮ್ ಬ್ರೌಸರಿನ ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕ್ರೋಮ್ ಎಂದು ಬರೆದು, ಕೋಲನ್ ಮತ್ತು ಎರಡು ಓರೆಗೆರೆ ಹಾಕಿ, ಜಿಪಿಯು ಎಂದು ಸೇರಿಸಿ. ಫೈರ್‌ಫಾಕ್ಸ್‌ನಲ್ಲಾದರೆ ಅಬೌಟ್, ಕೋಲನ್, ಸಪೋರ್ಟ್. ಉದ್ದನೆಯ ವರದಿ ತೆರೆದುಕೊಳ್ಳುತ್ತದೆ, ಗಾಬರಿ ಬೇಡ. ವೆಬ್‌ಜಿಎಲ್ ಎದುರಿಗೆ 'ಹಾರ್ಡ್‌ವೇರ್ ಆ್ಯಕ್ಸಲರೇಟೆಡ್' ಎಂದಿದೆಯೋ 'ಸಾಫ್ಟ್‌ವೇರ್' ಎಂದಿದೆಯೋ ನೋಡಿದರೆ ಸಾಕು. ಚಿತ್ರ ಬಿಡಿಸುವ ಸಾಧನದ ಹೆಸರಿನಲ್ಲಿ 'ಸ್ವಿಫ್ಟ್‌ಶೇಡರ್', 'ಎಲ್‌ಎಲ್‌ವಿಎಂ ಪೈಪ್' ಅಥವಾ 'ಮೈಕ್ರೋಸಾಫ್ಟ್ ಬೇಸಿಕ್ ರೆಂಡರ್' ಎಂಬ ಪದಗಳು ಕಂಡರೆ ದುಡಿಯುತ್ತಿರುವುದು ಸಿಪಿಯು.

ಕಾರಣಗಳು ಹಲವು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ವೇಗವರ್ಧನೆಯನ್ನು ಯಾರೋ ಆರಿಸಿರಬಹುದು. ಮತ್ತೆ ಹಾಕಿ, ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಬೇಕು. ವಿಂಡೋಸನ್ನು ಹೊಸದಾಗಿ ಹಾಕಿಸಿದಾಗ ಗ್ರಾಫಿಕ್ಸ್ ಡ್ರೈವರ್ ಸೇರಿಸುವುದನ್ನು ಮರೆತಿರಬಹುದು. ಡ್ರೈವರ್ ಇದ್ದರೂ ಅದು ತೀರ ಹಳೆಯದಾದರೆ ಬ್ರೌಸರ್ ತಯಾರಕರು ಅದನ್ನು ತಮ್ಮ ನಿಷೇಧ ಪಟ್ಟಿಗೆ ಸೇರಿಸಿರುತ್ತಾರೆ. ಈ ಪಟ್ಟಿಯನ್ನು ಕಡೆಗಣಿಸುವ ಗುಪ್ತ ಆಯ್ಕೆಯೊಂದು ಬ್ರೌಸರಿನಲ್ಲಿದೆ. ಕಾರಣ ತಿಳಿಯಲು ಒಮ್ಮೆ ಬಳಸಿ ನೋಡಬಹುದು, ಆದರೆ ಮಕ್ಕಳು ಕೂರುವ ಗಣಕದಲ್ಲಿ ಅದನ್ನು ಹಾಗೆಯೇ ಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆ ಡ್ರೈವರ್ ಎಲ್ಲೋ ಪರದೆಯನ್ನು ಸ್ತಬ್ಧಗೊಳಿಸಿದ್ದರಿಂದಲೇ ಪಟ್ಟಿಗೆ ಸೇರಿರುತ್ತದೆ.

ಜಿಪಿಯು ಕೆಲಸ ಮಾಡುತ್ತಿದ್ದೂ ಅಂಕಿ ಕಡಿಮೆಯಿದ್ದರೆ? ಕೆ.ಎಂ.ದೊಡ್ಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವವರಿಗೆ ಇದರ ಉಪಾಯ ಗೊತ್ತು. ವೇ ಬ್ರಿಡ್ಜ್ ಮೇಲೆ ತುಂಬಿದ ಗಾಡಿಯನ್ನು ಒಮ್ಮೆ, ಖಾಲಿ ಗಾಡಿಯನ್ನು ಒಮ್ಮೆ ತೂಗಿದರೆ ತಾನೆ ಕಬ್ಬಿನ ತೂಕ ತಿಳಿಯುವುದು? ಹಾಗೆಯೇ ಒಂದೇ ಒಂದು ಮೀನನ್ನು ಬಿಟ್ಟು ನೋಡಿ. ಆಗಲೂ 30 ಬಂದರೆ ತಪ್ಪು ಮೀನುಗಳದ್ದಲ್ಲ. ಪರದೆಯೇ 30 ಹರ್ಟ್ಸ್‌ಗೆ ಹೊಂದಿಸಲ್ಪಟ್ಟಿರಬಹುದು, ಅಥವಾ ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಕ್ರಮಕ್ಕೆ ಜಾರಿರಬಹುದು.

ಒಂದು ಮೀನಿಗೆ 60 ಬಂದು 500ಕ್ಕೆ ಕುಸಿದರೆ ಬ್ರೌಸರಿನ ಕಿಟಕಿಯನ್ನು ಉದ್ದಗಲಗಳಲ್ಲಿ ಅರ್ಧಕ್ಕೆ ಇಳಿಸಿ. ಬಿಂದುಗಳು ಕಾಲು ಭಾಗವಾಗುತ್ತವೆ. ಅಂಕಿ ಗಣನೀಯವಾಗಿ ಏರಿದರೆ ಬಣ್ಣ ತುಂಬುವ ಕೆಲಸವೇ ಭಾರವಾಗಿತ್ತು ಎಂದರ್ಥ. ಏರದಿದ್ದರೆ ಪ್ರತಿ ಮೀನಿನ ಸ್ಥಾನವನ್ನು ಲೆಕ್ಕ ಹಾಕಿ ಜಿಪಿಯುಗೆ ಆಜ್ಞೆ ಕಳಿಸುವ ಸಿಪಿಯು ಹಿಂದೆ ಬಿದ್ದಿದೆ. ಚಿತ್ರದ ಗಾತ್ರ ಕಿಟಕಿಯೊಡನೆ ಬದಲಾಗುವ ಪುಟಗಳಲ್ಲಿ ಮಾತ್ರ ಈ ಉಪಾಯ ನಡೆಯುತ್ತದೆ. ಇದನ್ನು ಮೊದಲೇ ಮಾಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಸಿಪಿಯುವೇ ಬಣ್ಣ ತುಂಬುತ್ತಿದ್ದಾಗಲೂ ಕಿಟಕಿ ಕುಗ್ಗಿಸಿದರೆ ಅಂಕಿ ಏರುತ್ತದೆ.

ಸ್ವತಃ ಪರೀಕ್ಷಾ ಪುಟ ಬರೆಯಬಯಸುವ ವಿದ್ಯಾರ್ಥಿಗಳಿಗೆ ಎರಡು ಮಾತು. ಒಂದು ಫ್ರೇಮಿನ ಕಾಲವನ್ನು ಅಳೆಯಬೇಡಿ. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದ ಮೇಲೆ, ಕಳ್ಳಗಣನೆಗೆ ನೆರವಾಗದಿರಲೆಂದು ಬ್ರೌಸರುಗಳು ಜಾಲಪುಟಕ್ಕೆ ನೀಡುವ ಗಡಿಯಾರದ ಸೂಕ್ಷ್ಮತೆಯನ್ನು ಬೇಕೆಂದೇ ತಗ್ಗಿಸಿದವು. ಲೋಲಕದ 20 ಆಂದೋಲನಗಳನ್ನು ಎಣಿಸಿ ಭಾಗಿಸುವಂತೆ 600 ಫ್ರೇಮುಗಳ ಕಾಲವನ್ನು ಭಾಗಿಸಿ. ಎರಡನೆಯದು, ಚಿತ್ರ ಬಿಡಿಸುವ ಆಜ್ಞೆಯ ಹಿಂದುಮುಂದೆ ಗಡಿಯಾರ ನೋಡಿದರೆ ಸಿಗುವುದು ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿದ ಕಾಲ, ಅದು ತಲುಪಿದ ಕಾಲವಲ್ಲ. ಜಿಪಿಯು ತನ್ನ ಸರದಿಯಲ್ಲಿ ಆಮೇಲೆ ಕೆಲಸ ಮಾಡುತ್ತದೆ.

ಅಳೆಯುವಾಗ ಬೇರೆ ಟ್ಯಾಬ್‌ಗೆ ಹೋಗಬಾರದು. ಕಣ್ಣಿಗೆ ಕಾಣದ ಪುಟದ ಚಿತ್ರಣವನ್ನು ಬ್ರೌಸರ್ ನಿಲ್ಲಿಸಿಬಿಡುತ್ತದೆ. ಬೇಸಿಗೆಯ ಮಧ್ಯಾಹ್ನ, ಫ್ಯಾನಿನ ತುಂಬ ದೂಳು ಕಟ್ಟಿದ ಗಣಕವು ಮೊದಲ ಸಲ 50 ತೋರಿಸಿ ಹತ್ತು ನಿಮಿಷದ ಬಳಿಕ 25ಕ್ಕೆ ಇಳಿದರೆ ಅದು ಶಾಖದಿಂದ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಂಡಿದೆ. ಒಂದು ಕುಂಚ ಹಿಡಿದು ದೂಳು ಕೊಡವಿದರೆ ಬಹಳಷ್ಟು ಸಲ ರೋಗ ವಾಸಿ.

ಇಷ್ಟಾದ ಮೇಲೂ 11 ಎಂದೇ ಬಂದರೆ ಅರ್ಜಿ ಬರೆಯಬಹುದು. ಜೊತೆಗೊಂದು ಹಾಳೆ ಲಗತ್ತಿಸಿ: ಜಿಪಿಯು ಹೆಸರು, ಡ್ರೈವರ್ ಆವೃತ್ತಿ, ಪರದೆಯ ಅಳತೆ, ಒಂದು ಮೀನಿಗೆ ಮತ್ತು 500 ಮೀನಿಗೆ ಮೂರು ಮೂರು ಸಲ ಬಂದ ಅಂಕಿಗಳು, ಕಿಟಕಿ ಅರ್ಧ ಮಾಡಿದಾಗ ಬಂದದ್ದು. ಸಿಪಿಯು ಹಿಂದೆ ಬಿದ್ದಿದೆಯೆಂದು ಅದರಿಂದ ಕಂಡುಬಂದರೆ ಬರೀ ಗ್ರಾಫಿಕ್ಸ್ ಕಾರ್ಡು ಕೊಂಡು ಹಣ ಕಳೆಯುವುದಾದರೂ ತಪ್ಪುತ್ತದೆ.