ಸರಿಯುವ ದ್ವೀಪಕ್ಕೆ ಸರಿಯಾದ ತಿಂಗಳು

ಏಪ್ರಿಲ್ ತಿಂಗಳ ಬೆಳಗ್ಗೆ. ಮೇರಿಲ್ಯಾಂಡಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಅಸಟೀಗ್ ದ್ವೀಪದ ನಕ್ಷೆ ಹರಡಿದೆ. ಸುರುಳಿ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಕಾಫಿ ಲೋಟ, ಇನ್ನೊಂದಕ್ಕೆ ಉಪ್ಪಿನಕಾಯಿ ಭರಣಿ. ಹೋಗುವುದು ಅಕ್ಟೋಬರಿನಲ್ಲಿ. ಆದರೆ ಅಲ್ಲಿ ಗುಡಾರ ಹೂಡುವ ಜಾಗವನ್ನು ಆರು ತಿಂಗಳು ಮೊದಲೇ ಕಾದಿರಿಸಬಹುದು. ಕಡಲ ಬದಿಯವು, ಅದರಲ್ಲೂ ಶನಿವಾರದವು, ಬೇಗ ಕೈತಪ್ಪುತ್ತವೆ.

ನಮ್ಮ ಜೊತೆಗಿರುವ ಅಮ್ಮ ಕನ್ನಡಕ ಏರಿಸಿಕೊಂಡು ನಕ್ಷೆಯ ಮೇಲೆ ಬೆರಳಾಡಿಸಿದರು. ಕುಂದಾಪುರದ ಕೋಡಿಯಲ್ಲಿ ಹುಟ್ಟಿ ಬೆಳೆದವರು. “ಇತ್ತ ಕಡ್ಲ್, ಅತ್ತ ಹಿನ್ನೀರ್. ಇದ್ ನಮ್ ಕೋಡಿ ಹಾಂಗೇ ಇತ್ತಲ್ದಾ ಮಗಾ?”

ಹೌದು, ಕೋಡಿಯೇ, ಆದರೆ ಸುಮಾರು 60 ಕಿಲೋಮೀಟರ್ ಉದ್ದದ್ದು. ಅಟ್ಲಾಂಟಿಕ್ ಕಡಲಿಗೂ ನೆಲಕ್ಕೂ ನಡುವೆ ಅಡ್ಡ ಮಲಗಿದ ಬರೀ ಮರಳಿನ ಪಟ್ಟಿ. ಉತ್ತರದ ಭಾಗ ಮೇರಿಲ್ಯಾಂಡಿನದು, ದಕ್ಷಿಣದ್ದು ವರ್ಜೀನಿಯಾದ್ದು. ದ್ವೀಪದ ಉದ್ದಕ್ಕೂ ಹೋಗುವ ರಸ್ತೆಯಿಲ್ಲ. ಒಂದು ತುದಿಯ ಪ್ರವೇಶದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹೊರಬಿದ್ದು, ಒಳನಾಡಿನಲ್ಲಿ ಒಂದು ಗಂಟೆಗೂ ಹೆಚ್ಚು ಸುತ್ತಬೇಕು. ಹಾಗಾಗಿ ಯಾವ ತುದಿ, ಯಾವ ತಿಂಗಳು ಎನ್ನುವುದು ಮನೆಯಲ್ಲೇ ತೀರ್ಮಾನವಾಗಬೇಕು.

ಒಮ್ಮೆ ಜುಲೈನಲ್ಲಿ ಹೋಗಿದ್ದೆವು. ನಡು ಮಧ್ಯಾಹ್ನ, ಮರಳು ಕಾದ ಹೆಂಚಾಗಿತ್ತು. ಮರಳುದಿಬ್ಬದ ಸಂದಿನಿಂದ ಒಂದೊಂದಾಗಿ ಏಳು ಕುದುರೆಗಳು ಇಳಿದುಬಂದವು. ಕಂದು ಮೈಯ ಮೇಲೆ ಬಿಳಿ ತೇಪೆ, ಗಾಳಿಗೆ ಗಂಟುಬಿದ್ದ ಕೇಸರ. ಯಾರನ್ನೂ ಲೆಕ್ಕಿಸದೆ ಛತ್ರಿಗಳ ನಡುವೆ ಹಾದು, ಮೊಣಕಾಲುದ್ದ ನೀರಿನಲ್ಲಿ ಕಡಲಿಗೆ ಮುಖ ಮಾಡಿ ನಿಂತುಬಿಟ್ಟವು. ಮಗಳು ಅವುಗಳ ಊದಿದ ಹೊಟ್ಟೆ ನೋಡಿ, ಎಲ್ಲವೂ ಗಬ್ಬವೇ ಎಂದು ಕೇಳಿದಳು. ಅಲ್ಲ, ಜೌಗಿನ ಉಪ್ಪು ಹುಲ್ಲು ತಿಂದು ತಿಂದು ಸಿಹಿನೀರನ್ನು ಅಷ್ಟು ಕುಡಿಯುತ್ತವೆ. ಮುಳುಗಿದ ಸ್ಪೇನಿನ ಹಡಗಿನಿಂದ ಈಜಿ ಬಂದವು ಎಂದು ಕತೆ ಹೇಳುತ್ತಾರೆ. ಬೇಲಿಯ ಕಾಯ್ದೆ, ಜಾನುವಾರು ತೆರಿಗೆ ತಪ್ಪಿಸಿಕೊಳ್ಳಲು 17ನೇ ಶತಮಾನದ ರೈತರು ಇಲ್ಲಿ ತಂದು ಬಿಟ್ಟ ಕುದುರೆಗಳ ಸಂತತಿ ಎನ್ನುವುದೇ ಹೆಚ್ಚು ನಂಬುವಂಥದ್ದು.

ಅವು ನೀರಿಗಿಳಿದದ್ದು ಕಚ್ಚುವ ನೊಣಗಳ ಕಾಟಕ್ಕೆ. ಅದು ನಮಗೆ ತಿಳಿದದ್ದು ಸಂಜೆ, ಹಿನ್ನೀರಿನ ಬದಿಯಿಂದ ಸೊಳ್ಳೆಗಳೂ ಸೇರಿಕೊಂಡಾಗ. ಅದೇ ತಿಂಗಳ ಕೊನೆಯ ಬುಧವಾರ ದಕ್ಷಿಣದ ತುದಿಯಲ್ಲಿ ಪಕ್ಕದ ದ್ವೀಪ ಶಿಂಕಟೀಗಿನ ಅಗ್ನಿಶಾಮಕ ಸ್ವಯಂಸೇವಕರು ತಮ್ಮ ಹಿಂಡನ್ನು ನೀರು ನಿಂತ ಹೊತ್ತು ನೋಡಿ ಕಾಲುವೆ ಈಜಿಸುತ್ತಾರೆ. ಮರುದಿನ ಮರಿಗಳ ಹರಾಜು. 1925ರಿಂದ ಬಂದ ಪದ್ಧತಿ. ನೋಡಬೇಕಾದ್ದು ನಿಜ, ಆದರೆ ಆ ಜನಜಂಗುಳಿಗೆ ಅಮ್ಮನನ್ನು ಕರೆದೊಯ್ಯಲಾರೆ.

ವಸಂತ ಪ್ಲವರ್ ಹಕ್ಕಿಗಳದ್ದು. ಮುಷ್ಟಿಯಲ್ಲಿ ಹಿಡಿಸುವಷ್ಟು ಪುಟ್ಟ ಹಕ್ಕಿ, ಮರಳಿನದೇ ಬಣ್ಣ, ಮೊಟ್ಟೆ ಇಡುವುದು ಬಯಲಲ್ಲೇ. ಅದಕ್ಕಾಗಿ ದಕ್ಷಿಣದ ಕೊಕ್ಕೆಯಂಥ ತುದಿಗೆ ಮಾರ್ಚ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಯಾರನ್ನೂ ಬಿಡುವುದಿಲ್ಲ. ಬಿಡಬಾರದು ಕೂಡ. ಚಳಿಗಾಲದ್ದು ಹಿಮ ಹೆಬ್ಬಾತುಗಳ ಸದ್ದು. ಸಾವಿರಗಟ್ಟಲೆ ಒಮ್ಮೆಗೇ ಮೇಲೆದ್ದರೆ ಕೆರೆಯೇ ಎದ್ದು ಹಾರಿದಂತೆ.

“ಅಕ್ಟೋಬರಿಗೆ ಆ ಜಾಗ ಅಲ್ಲೇ ಇರತ್ತಾ?” ಅಮ್ಮ ಕೇಳಿದರು. ಕಡಲ್ಕೊರೆತ ಕಂಡವರ ಪ್ರಶ್ನೆ.

1933ರ ಬಿರುಗಾಳಿ ಉತ್ತರದಲ್ಲಿ ದ್ವೀಪವನ್ನೇ ಸೀಳಿ ಹೊಸ ಅಳಿವೆ ಮಾಡಿತು. ಅದು ಮುಚ್ಚದಿರಲೆಂದು ಎರಡೂ ಕಡೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು. ದಕ್ಷಿಣಕ್ಕೆ ಸಾಗುತ್ತಿದ್ದ ಮರಳು ಅಲ್ಲೇ ತಡೆದು ನಿಂತಿತು. ಮರಳಿನ ಆಹಾರ ತಪ್ಪಿದ ಅಸಟೀಗಿನ ಉತ್ತರದ ತುದಿ ಸವೆಯುತ್ತ ಪಶ್ಚಿಮಕ್ಕೆ ಸರಿಯಿತು. 1950ರ ದಶಕದಲ್ಲಿ ಇಲ್ಲಿ ಟಾರು ರಸ್ತೆ ಹಾಕಿ ಸಾವಿರಾರು ಸೈಟುಗಳನ್ನು ಮಾರಿದ್ದರು. 1962ರ ಮಾರ್ಚಿನಲ್ಲಿ ಐದು ಉಬ್ಬರಗಳುದ್ದಕ್ಕೂ ನಿಂತ ಬಿರುಗಾಳಿ ಅದನ್ನೆಲ್ಲ ಗುಡಿಸಿಹಾಕಿತು. ಮೂರು ವರ್ಷಕ್ಕೆ, 1965ರಲ್ಲಿ, ಇದು ರಾಷ್ಟ್ರೀಯ ಕಡಲತೀರ ಉದ್ಯಾನವಾಯಿತು. ಮರಳುದಿಬ್ಬಗಳ ಕಾಲುದಾರಿಯಲ್ಲಿ ಆ ರಸ್ತೆಯ ಟಾರಿನ ಚೂರುಗಳು ಈಗಲೂ ಕಾಣುತ್ತವೆ. ಅಲ್ಲಿ ನಿಂತಾಗೆಲ್ಲ ಆ ಬಿರುಗಾಳಿಗೆ ಋಣಿ ಅನಿಸುತ್ತದೆ.

ಅಕ್ಟೋಬರ್ ಬೇರೆಯೇ. ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಪೂರ್ತಿ ಆರಿರುವುದಿಲ್ಲ. ಜೌಗಿನ ಹುಲ್ಲು ಕೊಯ್ಲಿಗೆ ಬಂದ ಗದ್ದೆಯಂತೆ ಹೊಂಬಣ್ಣಕ್ಕೆ ತಿರುಗಿರುತ್ತದೆ. ದಕ್ಷಿಣಕ್ಕೆ ಹೊರಟ ಮೊನಾರ್ಕ್ ಚಿಟ್ಟೆಗಳು ದಿಬ್ಬದ ಹಳದಿ ಹೂಗಳ ಮೇಲೆ ಕೂತು ದಣಿವಾರಿಸಿಕೊಳ್ಳುತ್ತವೆ. ಸಂಜೆ ಬೇಗ ಕತ್ತಲೆ. ಕಡಲ ಮೇಲೆ ಒಂದೂ ದೀಪವಿಲ್ಲದ ಆಕಾಶ.

ಮರಳಿಗೆ ಉದ್ದನೆಯ ಗೂಟಗಳೇ ಬೇಕು, ಮಾಮೂಲಿಯವು ಗಾಳಿಗೆ ಕಿತ್ತು ಬರುತ್ತವೆ. ತಿಂಡಿಯೆಲ್ಲ ಕಾರಿನೊಳಗೇ, ಕುದುರೆಗಳು ಡಬ್ಬಿ ಬಿಡುವುದಿಲ್ಲ. ಅವುಗಳಿಂದ ಕನಿಷ್ಠ 40 ಅಡಿ ದೂರ ಎಂದು ಮಗಳಿಗೆ ಈಗಿನಿಂದಲೇ ಹೇಳುತ್ತಿದ್ದೇನೆ.

ಕಡಲ ಬದಿಯಲ್ಲಿ ಎರಡು ರಾತ್ರಿಗೆ ಜಾಗ ಸಿಕ್ಕಿತು. ಭರಣಿ ಎತ್ತಿ ನಕ್ಷೆ ಮಡಚುವ ಮೊದಲು ಅಮ್ಮ ಪೆನ್ಸಿಲ್ ತೆಗೆದುಕೊಂಡು 1933ರ ಅಳಿವೆಯ ಸುತ್ತ ಒಂದು ಸೊನ್ನೆ ಸುತ್ತಿದರು. ಕುದುರೆ ಆಮೇಲೆ, ಮೊದಲು ಅಲ್ಲಿ ಕಾರು ನಿಲ್ಲಿಸಬೇಕಂತೆ.