ಬಿಟ್ಟ ಕಾರ್ಡಿನಿಂದಲೇ ಮುಂದಕ್ಕೆ

ಸೋಮವಾರ ಬೆಳಿಗ್ಗೆ ಪ್ರಾರ್ಥನೆ, ನಾಡಗೀತೆ, ಸಂವಿಧಾನ ಪೀಠಿಕೆಯ ಓದು ಮುಗಿದು ಹಾಜರಿ ಶುರುವಾದಾಗ ಒಂದೆರಡು ಹೆಸರಿಗೆ ಉತ್ತರ ಬರುವುದಿಲ್ಲ. ‘ಊರಿಗೆ ಹೋದ್ರು ಮಿಸ್’ ಎಂದು ಪಕ್ಕದ ಮಗು ಹೇಳುತ್ತದೆ. ಬೆಂಗಳೂರಿನ ಮಹದೇವಪುರ, ಹೂಡಿ, ಗರುಡಾಚಾರ್ ಪಾಳ್ಯದ ಕಡೆ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವರಿಗೆ ಇದು ದಿನದ ಮಾತು. 2023ರಲ್ಲಿ ನೇರಳೆ ಮಾರ್ಗದ ಮೆಟ್ರೋ ಬಂದ ಮೇಲಂತೂ ಇಲ್ಲಿ ಕಟ್ಟಡಗಳು ಏಳುತ್ತಲೇ ಇವೆ. ಅವುಗಳ ಬುಡದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರಿನವರಿದ್ದಾರೆ, ಬಿಹಾರ, ಬಂಗಾಳದಿಂದ ಬಂದವರಿದ್ದಾರೆ. ಸೆಂಟ್ರಿಂಗ್, ಪ್ಲಾಸ್ಟರ್ ಮುಗಿದರೆ ಮನೆಮಂದಿಯೆಲ್ಲ ಮುಂದಿನ ಸೈಟಿಗೆ ಹೊರಡುತ್ತಾರೆ. ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದರೆ ಮರಳುವುದು ಯಾವಾಗ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಮೂರು ವಾರ ಕಳೆದು ಆ ಮಗು ಬಾಗಿಲಲ್ಲಿ ನಿಂತರೆ ಏನು ಮಾಡಬೇಕು? ಎಲ್ಲರಿಗೂ ಒಂದೇ ಪುಟ ತೆರೆಸುವ ತರಗತಿಯಲ್ಲಿ ಅದು ಹಿಂದೆ ಬಿದ್ದ ಮಗು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೊಠಡಿಯಲ್ಲಿ ಹಾಗಲ್ಲ. ಅದು ಯಾವ ಕಾರ್ಡಿನಲ್ಲಿ ಬಿಟ್ಟಿತ್ತೋ ಆ ಕಾರ್ಡನ್ನೇ ಎತ್ತಿಕೊಂಡು ಮುಂದುವರಿಯುತ್ತದೆ. ನಮ್ಮ ರಾಜ್ಯದ ಶಿಕ್ಷಕರು ಮಕ್ಕಳಿಗೆ ಕೊಟ್ಟ ಕೊಡುಗೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ.

ಈ ಪದ್ಧತಿ ಹುಟ್ಟಿದ್ದು ಬೆಂಗಳೂರಿನಲ್ಲಲ್ಲ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಕಬಿನಿ ತೀರದ ಕಾಡಂಚಿನ ತಾಲ್ಲೂಕು ಅದು. ಹಾಡಿಯ ಮಕ್ಕಳು ಹಿರಿಯರ ಜೊತೆ ಕೂಲಿಗೆ ಹೋದರೆ ಶಾಲೆ ಖಾಲಿ. ಒಬ್ಬರೇ ಶಿಕ್ಷಕರು ಹಲವು ತರಗತಿ ನೋಡಿಕೊಳ್ಳಬೇಕಾದ ಶಾಲೆಗಳು. ಅಲ್ಲಿನ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿ ಶಾಲೆಗೆ ಹೋಗಿ, ಸುತ್ತಲಿನ ಹಳ್ಳಿಗಳಿಗಾಗಿ ಅದು ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂತು. ಪಾಠವನ್ನು ಕಾರ್ಡುಗಳಾಗಿ ಬಿಡಿಸಿ ಮಗುವಿನ ಕೈಗೇ ಕೊಡುವ ಆ ಕ್ರಮವನ್ನು ಕನ್ನಡಕ್ಕೆ ಒಗ್ಗಿಸಿದವರು ಈ ಶಿಕ್ಷಕರೇ. ಯುನಿಸೆಫ್ ಬೆನ್ನಿಗೆ ನಿಂತಿತು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಬಿನಿ ತೀರದ ಗೈರುಹಾಜರಿಗೆ ಹುಡುಕಿದ ಪರಿಹಾರ ಐಟಿ ಕಾರಿಡಾರಿನ ಗೈರುಹಾಜರಿಗೆ ಇಷ್ಟು ಸರಿಹೊಂದೀತೆಂದು ಆಗ ಯಾರೂ ಯೋಚಿಸಿರಲಾರರು.

ಕೊಠಡಿಯೊಳಗೆ ಬೆಂಚುಗಳ ಸಾಲಿಲ್ಲ. ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಗುಂಪಿಗೆ ಇಲ್ಲಿ ತಟ್ಟೆ ಎನ್ನುತ್ತಾರೆ. ಒಂದನೇ ತಟ್ಟೆಯವರಿಗೆ ಶಿಕ್ಷಕಿಯ ಪೂರ್ಣ ಬೆಂಬಲ, ಎರಡನೆಯದಕ್ಕೆ ಸ್ವಲ್ಪ, ಮೂರು ಮತ್ತು ನಾಲ್ಕರಲ್ಲಿ ಸಹಪಾಠಿಗಳ ನೆರವು, ಐದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ. ಅದರ ಪ್ರತಿ ಮೆಟ್ಟಿಲಲ್ಲೂ ಒಂದು ಚಿತ್ರದ ಗುರುತು, ಒಂದು ಸಂಖ್ಯೆ. ಮಗು ತನ್ನ ಮೆಟ್ಟಿಲನ್ನು ಹುಡುಕಿ, ಅದೇ ಗುರುತಿನ ಕಾರ್ಡನ್ನು ಟ್ರೇಯಿಂದ ಎತ್ತಿಕೊಂಡು ತನ್ನ ತಟ್ಟೆಗೆ ನಡೆಯುತ್ತದೆ. ಓದು ಬಾರದ ಮಗುವಿಗೂ ಇದು ಸಾಧ್ಯ. ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಕಲಿಕೆ, ಅಭ್ಯಾಸ, ಕೊನೆಗೆ ಮೌಲ್ಯಮಾಪನದ ಕಾರ್ಡು. ಬಾರದಿದ್ದರೆ ಇನ್ನಷ್ಟು ಅಭ್ಯಾಸ ಮಾಡಿಸುತ್ತಾರೆ, ಫೇಲು ಎಂಬ ಮಾತಿಲ್ಲ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದ ತೂಗುತ್ತವೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೇ ಕಪ್ಪುಹಲಗೆ.

ಅಕ್ಷರ ಕಲಿಸುವ ಕ್ರಮವನ್ನಂತೂ ಹತ್ತಿರದಿಂದ ನೋಡಬೇಕು. ಅ ಆ ಇ ಈ ಎಂದು ವರ್ಣಮಾಲೆಯ ಸಾಲು ಹಿಡಿಯುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಮಗು ಕಾರ್ಡಿನ ಮೇಲಿನ ರ ಅಕ್ಷರದ ಮೇಲೆ ಬೆರಳಾಡಿಸುತ್ತದೆ, ಮರಳಿನ ತಟ್ಟೆಯಲ್ಲಿ ತಿದ್ದುತ್ತದೆ, ಹುಣಸೆಬೀಜ ಜೋಡಿಸಿ ಅದೇ ಆಕಾರ ಮಾಡುತ್ತದೆ, ಆಮೇಲೆ ಸೀಮೆಸುಣ್ಣ ಹಿಡಿಯುತ್ತದೆ. ಐದು ಅಕ್ಷರ ಕೈಗೆ ಬಂತೋ ಇಲ್ಲವೋ, ಪದಗಳು ಬಂದೇಬಿಟ್ಟವು: ಸರ, ರಸ, ಅರಸ, ಅಗಸ. ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ, ಆದರೂ ಮಗು ನಿಜವಾದ ಪದವನ್ನೇ ಓದುತ್ತಿದೆ. ‘ಗರಗಸ’ ಎಂದು ಕೂಡಿಸಿ ಓದಿದ ಮೇಲೆ ಮಗು ತಲೆಯೆತ್ತಿ ನೋಡುತ್ತದೆ. ಅಪ್ಪನ ಕೆಲಸದ ಜಾಗದಲ್ಲಿ ದಿನವೂ ಕಾಣುವ ವಸ್ತು ಅದು. ಮುಂದಿನ ಗುಂಪು ಜ, ವ, ಮ, ಬ, ನ. ಹಳೆಯದರ ಜೊತೆ ಸೇರಿದರೆ ಮರ, ಜನ, ವನ, ನಗರ. ಐವತ್ತು ಅಕ್ಷರ ಮುಗಿಯುವವರೆಗೂ ಮಗುವನ್ನು ಪದದ ಹೊರಗೆ ನಿಲ್ಲಿಸುವ ಹಳೆಯ ಕ್ರಮಕ್ಕಿಂತ ಇದು ಎಷ್ಟೋ ಕರುಣೆಯದು.

ಮನೆಯಲ್ಲಿ ತೆಲುಗು, ತಮಿಳು, ಹಿಂದಿ ಆಡುವ ಮಕ್ಕಳಿಗೆ ಮೂರು, ನಾಲ್ಕನೇ ತಟ್ಟೆಗಳೇ ಕನ್ನಡದ ಪಾಠಶಾಲೆ. ದೊಡ್ಡ ಹುಡುಗಿಯೊಬ್ಬಳು ಚಿತ್ರ ತೋರಿಸಿ ‘ಇದೇನು? ಹೇಳು’ ಎಂದು ಕೇಳುವಾಗ ಸಣ್ಣವನಿಗೆ ನಾಚಿಕೆಯಿಲ್ಲ. ರಾಯಚೂರಿನ ಹುಡುಗ ತನ್ನೂರಿನ ಕನ್ನಡ ಆಡುತ್ತಾನೆ, ಪಕ್ಕದವಳು ಬೆಂಗಳೂರಿನ ಕನ್ನಡ ಆಡುತ್ತಾಳೆ, ಎರಡೂ ಒಂದೇ ತಟ್ಟೆಯಲ್ಲಿ ಕಲೆಯುತ್ತವೆ. ಕನ್ನಡದ ಜೊತೆಗೆ ಗಣಿತದ ಕಾರ್ಡುಗಳು: ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಕಟ್ಟು, ಬಿಡಿ ಕಡ್ಡಿ ಬೇರೆ. ಹವಾಮಾನ ನಕ್ಷೆಯಲ್ಲಿ ಇವತ್ತು ಮೋಡವೋ ಬಿಸಿಲೋ ಗುರುತಿಸುವುದಕ್ಕೆ ಪೈಪೋಟಿ.

ಮಧ್ಯಾಹ್ನ ಅಕ್ಷರ ದಾಸೋಹದ ಅನ್ನ ಸಾಂಬಾರು. 2024ರಿಂದ ವಾರದ ಆರೂ ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ಶನಿವಾರ ಬೆಳಗಿನ ಶಾಲೆ. ತಿಂಗಳಿಗೊಂದು ಶನಿವಾರ ಬ್ಯಾಗೇ ಇಲ್ಲದ ಸಂಭ್ರಮ ಶನಿವಾರ.

ಕೊರತೆಗಳು ಇಲ್ಲವೆಂದಲ್ಲ. ಐದು ತಟ್ಟೆಯ ನಡುವೆ ಓಡಾಡಿ, ಮಗು ಏರಿದ ಮೆಟ್ಟಿಲನ್ನೆಲ್ಲ ಪ್ರಗತಿ ನೋಟದಲ್ಲಿ ಗುರುತು ಹಾಕುವುದು ಒಬ್ಬ ಶಿಕ್ಷಕಿಗೆ ಮೈಮುರಿಯುವ ಕೆಲಸ. ಜೊತೆಗೆ ಸಮೀಕ್ಷೆ, ಮತಗಟ್ಟೆ ಕೆಲಸ. ಮಕ್ಕಳು ಹೆಚ್ಚಾದರೆ ಒಂದನೇ ತಟ್ಟೆಗೆ ಸಿಗುವ ಸಮಯ ತೆಳುವಾಗುತ್ತದೆ. ಹರಿದ ಕಾರ್ಡಿಗೆ ಬದಲಿ ಬಾರದಿದ್ದರೆ ಏಣಿಯ ಮೆಟ್ಟಿಲೇ ಕಾಣೆಯಾದಂತೆ. ತಂದೆತಾಯಿಗೂ ಒಂದು ಅಳುಕಿದೆ: ‘ಬರೀ ಆಟ ಆಡಿಸ್ತಾರೆ, ನೋಟ್ಸ್ ಕೊಡಲ್ಲ.’ ಪಕ್ಕದ ಬೀದಿಯ ಕಾನ್ವೆಂಟಿನ ಮಗು ಎ ಬಿ ಸಿ ಒಪ್ಪಿಸುವಾಗ ಆ ಅಳುಕು ಸಹಜವೇ. ಇಂಗ್ಲಿಷ್ ಬೇಕೆಂಬ ಒತ್ತಾಯಕ್ಕೆ ಸರ್ಕಾರ 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮಾಧ್ಯಮ ಯಾವುದಾದರೂ ಆಗಲಿ, ಮಗುವಿನ ವೇಗಕ್ಕೆ ಪಾಠ ಕಾಯಬೇಕೆಂಬ ತತ್ವ ಕೈಬಿಡಬಾರದು. ಇಂಥ ಕೊಠಡಿಗೆ ಇನ್ನೊಬ್ಬ ಶಿಕ್ಷಕಿಯನ್ನು ಕೊಡುವುದು ಸ್ಮಾರ್ಟ್ ಬೋರ್ಡ್ ಕೊಡುವುದಕ್ಕಿಂತ ಜರೂರಿನದು.

ಮಹದೇವಪುರದ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಒಂದು ಮಾಹಿತಿ. ಮನೆಕೆಲಸಕ್ಕೆ ಬರುವವರ, ಎದುರಿನ ಸೈಟಿನಲ್ಲಿ ದುಡಿಯುವವರ ಮಕ್ಕಳು ಶಾಲೆಗೆ ಹೋಗದೆ ಶೆಡ್ಡಿನಲ್ಲೇ ಉಳಿದಿದ್ದರೆ ಜೂನ್ ಬರುವವರೆಗೆ ಕಾಯಬೇಕಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರು ವರ್ಷ ತುಂಬಿದ ಮಗುವಿಗೆ, ದಾಖಲಾತಿ ಅವಧಿ ಮುಗಿದಿದೆ ಎಂದೋ, ಜನನ ಪ್ರಮಾಣಪತ್ರ ಇಲ್ಲವೆಂದೋ, ಹಿಂದಿನ ಶಾಲೆಯಿಂದ ಟಿಸಿ ಬಂದಿಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು ಹೆಸರು ಬರೆಸಿದರೆ ಸಾಕು. ಬಂದ ದಿನ ಯಾವುದಾದರೂ ಸರಿ, ಮೊದಲ ಕಾರ್ಡು ಟ್ರೇಯಲ್ಲಿ ಇದ್ದೇ ಇರುತ್ತದೆ.