ಓರೆಯಾಗುವ ಸರಳು: ಪೆಡಲ್ ಇಲ್ಲದ ಸ್ಟೀಲ್ ಗಿಟಾರು

ಉಕ್ಕಿನ ಸರಳಿಗೆ ಬಾಗಲು ಬರುವುದಿಲ್ಲ. ಪೆಡಲ್ ಇಲ್ಲದ ಸ್ಟೀಲ್ ಗಿಟಾರಿನ ಕಷ್ಟವೂ ಸೊಗಸೂ ಈ ಒಂದೇ ಸಂಗತಿಯಿಂದ ಹುಟ್ಟುತ್ತವೆ. ಮಾಮೂಲಿ ಗಿಟಾರಿನಲ್ಲಿ ಎಡಗೈಯ ನಾಲ್ಕು ಬೆರಳು ನಾಲ್ಕು ಬೇರೆ ಬೇರೆ ಮೆಟ್ಟಿಲುಗಳನ್ನು ಒತ್ತಬಲ್ಲವು. ತೊಡೆಯ ಮೇಲೆ ಅಂಗಾತ ಮಲಗಿಸಿದ ಈ ವಾದ್ಯದಲ್ಲಿ ಹಾಗಿಲ್ಲ. ತಂತಿಗಳು ಹಲಗೆಯಿಂದ ಎತ್ತರದಲ್ಲಿವೆ, ಮೆಟ್ಟಿಲಿನ ಜಾಗದಲ್ಲಿ ಬರಿಯ ಗೆರೆಗಳಿವೆ. ಎಡಗೈಯಲ್ಲಿ ಹಿಡಿದ ಸರಳು ತಂತಿಗಳ ಮೇಲೆ ಹಗುರವಾಗಿ ಕೂತು ಜಾರುತ್ತದೆ. ಅದು ಐದನೆಯ ಗೆರೆಗೆ ಹೋದರೆ ಎಲ್ಲ ತಂತಿಗಳೂ ಐದನೆಯ ಗೆರೆಗೇ ಹೋದಂತೆ.

ಈ ವಾದನ ಹವಾಯಿ ದ್ವೀಪಗಳದ್ದು. ಓಆಹು ದ್ವೀಪದ ಲಾಯಿಯೆ ಎಂಬ ಊರಿನಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಶಾಲೆಗೆ ಹೋಗುವ ವಯಸ್ಸಿನಲ್ಲೇ ಇದನ್ನು ಕಂಡುಕೊಂಡರೆಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಕೈಗೆ ಸಿಕ್ಕ ಲೋಹದ ವಸ್ತುಗಳನ್ನೆಲ್ಲ ತಂತಿಯ ಮೇಲೆ ಜಾರಿಸಿ ನೋಡಿ, ಕೊನೆಗೆ ಅವರು ನುಣುಪಾದ ಉಕ್ಕಿನ ಸರಳಿಗೆ ಬಂದು ನಿಂತರು. 1904ರಲ್ಲಿ ಅವರು ದ್ವೀಪ ಬಿಟ್ಟು ಅಮೆರಿಕದ ಮುಖ್ಯಭೂಮಿಗೆ ಹೋದರು. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಹವಾಯಿ ಮಂಟಪದ ಸಂಗೀತ ಕೇಳಿದ ಜನ ಈ ನಾದಕ್ಕೆ ಮರುಳಾದರು.

ಶ್ರುತಿಯ ವಿಷಯಕ್ಕೆ ಬರೋಣ, ಕುಶಲತೆಯೆಲ್ಲ ಇರುವುದು ಅಲ್ಲೇ. ಬಹಳ ಬಳಕೆಯಲ್ಲಿರುವ ಸಿ ಸಿಕ್ಸ್ತ್ ಶ್ರುತಿಯನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ, ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಸ ಗ ಪ ದ ಸ ಗ. ತೆಳು ತಂತಿಯಿಂದ ಎಣಿಸಿದರೆ ಎರಡನೆಯದು ಮೇಲಿನ ಷಡ್ಜ, ಮೂರನೆಯದು ಅದರ ಕೆಳಗಿನ ಧೈವತ. ಇವೆರಡರ ನಡುವೆ ಮೂರು ಸ್ವರಸ್ಥಾನಗಳ ಅಂತರ. ಸರಳು ನೇರವಾಗಿರುವವರೆಗೆ ಎಲ್ಲಿಗೆ ಜಾರಿಸಿದರೂ ಆ ಅಂತರ ಮೂರೇ. ಆದರೆ ಒಂದು ಧಾಟಿಯನ್ನು ಜೋಡಿ ಸ್ವರಗಳಲ್ಲಿ ನುಡಿಸುತ್ತ ಹೋದಾಗ ಒಂದು ಕಡೆ ಮೂರು ಬೇಕು, ಮುಂದಿನ ಹೆಜ್ಜೆಯಲ್ಲೇ ನಾಲ್ಕು ಬೇಕು. ವಾದಕ ಮಾಡುವುದಿಷ್ಟು: ತೋರುಬೆರಳಿನಿಂದ ಸರಳಿನ ತುದಿಯನ್ನು ಮುಂದೂಡಿ ಅದನ್ನು ಓರೆ ಮಾಡುತ್ತಾನೆ. ಎರಡನೆಯ ತಂತಿ ಐದನೆಯ ಗೆರೆಯ ಮೇಲಿದ್ದರೆ ಮೂರನೆಯದು ನಾಲ್ಕನೆಯ ಗೆರೆಗೆ ಬರುತ್ತದೆ, ಅಂತರ ನಾಲ್ಕಾಗುತ್ತದೆ. ಹಿಂದಿನ ಓರೆಯೂ ಉಂಟು. ಅಲ್ಲಿ ಹೆಬ್ಬೆರಳು ಸರಳಿನ ಬುಡವನ್ನು ಮುಂದೆ ತಳ್ಳಬೇಕು, ಇದು ಇನ್ನಷ್ಟು ಕಠಿಣ.

ಹೇಳಿದಷ್ಟು ಸುಲಭವಲ್ಲ. ಮೇಲಕ್ಕೆ ಹೋದಂತೆ ಗೆರೆಗಳ ನಡುವಿನ ಜಾಗ ಕಿರಿದಾಗುತ್ತದೆ, ಆದ್ದರಿಂದ ಎರಡನೆಯ ಗೆರೆಯ ಬಳಿಯ ಓರೆ ಹನ್ನೆರಡನೆಯ ಗೆರೆಯ ಬಳಿ ಸಲ್ಲದು. ಪ್ರತಿ ಜಾಗಕ್ಕೂ ಬೇರೆಯೇ ಕೋನ. ಅದನ್ನು ಹಿಡಿಯುವುದು ಕಿವಿ, ಗೆರೆಗಳಿಂದ ಸಿಗುವುದು ಅಂದಾಜು ಮಾತ್ರ. ಸರಳಿನ ಹಿಂದೆ ಉಳಿದ ಬೆರಳುಗಳು ತಂತಿಗಳ ಮೇಲೆ ಒರಗಿ ಬೇಡದ ಗುಂಯ್‌ಗುಡುವಿಕೆಯನ್ನು ಅಡಗಿಸುತ್ತವೆ. ಬಲಗೈಗೂ ಬಿಡುವಿಲ್ಲ. ಸರಳಿನಿಂದ ಹನ್ನೆರಡು ಗೆರೆ ಮುಂದೆ ಅಂಗೈಯ ಅಂಚನ್ನು ತಂತಿಗೆ ತಾಗಿಸಿ, ಮೀಟಿದ ಕ್ಷಣವೇ ಎತ್ತಿದರೆ ಗಂಟೆಯ ನಾದದಂಥ ಸ್ವರ ಹೊಮ್ಮುತ್ತದೆ. ಒಳ್ಳೆಯ ವಾದಕ ಇವನ್ನೆಲ್ಲ ಒಂದೇ ಉಸಿರಿನಲ್ಲಿ ಮಾಡುವುದನ್ನು ಕೇಳುವಾಗ ನನಗೆ ಪ್ರತಿ ಸಲವೂ ಬೆರಗು.

ವಾದ್ಯಗಳ ಕಥೆಯೂ ಇಷ್ಟೇ ರುಚಿಕರ. ಹರ್ಮನ್ ವೈಸನ್‌ಬಾರ್ನ್ ಲಾಸ್ ಏಂಜಲೀಸ್‌ನಲ್ಲಿ ಹವಾಯಿಯ ಕೋವಾ ಮರದಿಂದ, ಕತ್ತು ಕೂಡ ಟೊಳ್ಳಾಗಿರುವ ಗಿಟಾರುಗಳನ್ನು ಕಟ್ಟಿದರು. ಅವುಗಳ ದನಿ ಮೃದು, ಆದರೆ ದೊಡ್ಡ ಸಭೆಗೆ ಸಾಲದು. 1927ರ ಸುಮಾರಿಗೆ ಜಾನ್ ಡೋಪ್ಯೇರಾ ಲೋಹದ ಒಡಲಿನೊಳಗೆ ತೆಳುವಾದ ಮೂರು ಅಲ್ಯೂಮಿನಿಯಂ ಶಂಕುಗಳನ್ನಿಟ್ಟು ದನಿಯನ್ನು ಹಿಗ್ಗಿಸಿದರು. ನ್ಯಾಷನಲ್ ಕಂಪನಿಯ ಈ ಟ್ರೈಕೋನ್ ಮೇಲೆ ಸೋಲ್ ಹೋಓಪಿಯಿ ನುಡಿಸಿದ ಮುದ್ರಿಕೆಗಳು ಇವತ್ತಿಗೂ ಹೊಳೆಯುತ್ತವೆ.

ಮುಂದಿನ ಹೆಜ್ಜೆ ವಿದ್ಯುತ್ತಿನದು. ಜಾರ್ಜ್ ಬೋಶಾಂಪ್ ಅವರ ಕಲ್ಪನೆಯಂತೆ 1931ರಲ್ಲಿ ಮರದ ಮಾದರಿಯೊಂದು ತಯಾರಾಯಿತು. ಮರುವರ್ಷ ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆಗೂಡಿ ಎರಕದ ಅಲ್ಯೂಮಿನಿಯಂನಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ದುಂಡನೆಯ ಒಡಲು, ಉದ್ದನೆಯ ಕತ್ತು ನೋಡಿ ಜನ ಅದನ್ನು ಫ್ರೈಯಿಂಗ್ ಪ್ಯಾನ್ ಎಂದರು. ವಿದ್ಯುತ್ ಗಿಟಾರು ಮೊದಲು ಯಶಸ್ಸು ಕಂಡದ್ದು ತೊಡೆಯ ಮೇಲೆ, ಈ ರೂಪದಲ್ಲೇ. ಎರಡು ಲಾಳಾಕಾರದ ಅಯಸ್ಕಾಂತಗಳು ಎದುರುಬದುರಾಗಿ ತಂತಿಗಳನ್ನು ಸುತ್ತುವರಿದಿರುತ್ತವೆ, ತಂತಿಗಳು ಅವುಗಳ ಒಳಗಿನಿಂದಲೇ ಹಾದುಹೋಗುತ್ತವೆ. ಒಂದೇ ತೊಡಕು: ವೇದಿಕೆಯ ದೀಪಗಳ ಕಾವಿಗೆ ಅಲ್ಯೂಮಿನಿಯಂ ಹಿಗ್ಗಿ ಶ್ರುತಿ ತಪ್ಪುತ್ತಿತ್ತು. ಹಾಗಾಗಿ 1935ರಲ್ಲಿ ಅದೇ ಕಂಪನಿ ಬೇಕಲೈಟ್‌ನಲ್ಲಿ ವಾದ್ಯ ಮಾಡಿತು. ಕಪ್ಪಗೆ ಮಿನುಗುವ ಮೈ, ಮೇಲೆ ಕ್ರೋಮ್ ತಗಡುಗಳು, ಗಾತ್ರ ಚಿಕ್ಕದು, ತೂಕ ಮಾತ್ರ ಸಾಕಷ್ಟು. ಬಿದ್ದರೆ ಒಡೆಯುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಈ ವಾದ್ಯಗಳಲ್ಲಿ ಒಂದೂವರೆ ಅಂಗುಲ ಅಗಲದ ಅಯಸ್ಕಾಂತಗಳಿದ್ದವು, ಯುದ್ಧದ ನಂತರ ಅವು ಕಿರಿದಾದವು. ಸಂಗ್ರಾಹಕರು ಹಳೆಯದನ್ನೇ ಹುಡುಕುವುದಕ್ಕೆ ಇದೊಂದು ಕಾರಣ. ನನ್ನ ಕಿವಿಗಂತೂ ಸ್ಟೀಲ್ ಗಿಟಾರಿನಿಂದ ಇದಕ್ಕಿಂತ ತುಂಬಿದ ದನಿ ಇನ್ನೂ ಬಂದಿಲ್ಲ. ಮಂದ್ರ ಗಟ್ಟಿ, ತಾರದಲ್ಲಿ ಚುಚ್ಚುವ ಗುಣವೇ ಇಲ್ಲ.

ಒಂದು ಶ್ರುತಿಯಲ್ಲಿ ಎಲ್ಲ ಹಾಡುಗಳೂ ಒಗ್ಗುವುದಿಲ್ಲವಾದ್ದರಿಂದ ಕತ್ತುಗಳ ಸಂಖ್ಯೆ ಬೆಳೆಯಿತು. ಲಿಯೋ ಫೆಂಡರ್ 1953ರಲ್ಲಿ ತಂದ ಸ್ಟ್ರಿಂಗ್‌ಮಾಸ್ಟರ್‌ನಲ್ಲಿ ಎರಡು, ಮೂರು, ನಾಲ್ಕು ಕತ್ತುಗಳು ಸಾಲಾಗಿ ನಿಂತವು. ಅಷ್ಟರಲ್ಲಿ, ಕಾಲಿನಿಂದ ಒತ್ತಿ ತಂತಿಯನ್ನು ಎಳೆಯುವ ಪೆಡಲ್ ಬಂದಿತ್ತು. ನುಡಿಯುತ್ತಿರುವ ಒಂದೇ ತಂತಿಯ ಸ್ವರವನ್ನು ಪೆಡಲ್‌ನಿಂದ ಏರಿಸುವ ರೀತಿಯನ್ನು 1954ರ ವೆಬ್ ಪಿಯರ್ಸ್ ಹಾಡೊಂದರಲ್ಲಿ ಬಡ್ ಐಸಾಕ್ಸ್ ಕೇಳಿಸಿದ ಮೇಲೆ ಅಮೆರಿಕದ ಕಂಟ್ರಿ ಸಂಗೀತ ಆ ದಾರಿ ಹಿಡಿಯಿತು. ಪೆಡಲ್ ಸ್ಟೀಲ್ ಒಳ್ಳೆಯ ವಾದ್ಯವೇ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಓರೆ ಸರಳು ಮಾಡುತ್ತಿದ್ದ ಕೆಲಸ ಅಲ್ಲಿ ಯಂತ್ರದ ಪಾಲಾಯಿತು.

ನಮ್ಮ ದೇಶಕ್ಕೂ ಈ ವಾದ್ಯ ಬಂದಿದೆ. ಸಮೋವಾದಲ್ಲಿ ಹುಟ್ಟಿದ ಟೌ ಮೋ ತಮ್ಮ ಸಂಸಾರ ಸಮೇತ ಏಷ್ಯಾ ಸುತ್ತುತ್ತ 1940ರ ದಶಕದಲ್ಲಿ ಕಲ್ಕತ್ತದಲ್ಲಿ ನೆಲೆಸಿದ್ದರು. ಬಂಗಾಳದಲ್ಲಿ ಹವಾಯಿಯನ್ ಗಿಟಾರು ಮನೆಮಾತಾಯಿತು. ಅಲಿ ಅಕ್ಬರ್ ಖಾನರ ಶಿಷ್ಯ ಬ್ರಿಜ್ ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ಕಛೇರಿಗೆ ತಂದರು. 1967ರ ‘ಕಾಲ್ ಆಫ್ ದ ವ್ಯಾಲಿ’ ಮುದ್ರಿಕೆಯಲ್ಲಿ ಸಂತೂರು, ಕೊಳಲುಗಳ ನಡುವೆ ಕೇಳುವುದು ಅವರ ಗಿಟಾರು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಇದೇ ಬಗೆಯ ವಾದನವನ್ನು ಮುಂದುವರಿಸಿದ್ದಾರೆ. ಗೋಟುವಾದ್ಯ ಕೇಳಿ ಬಲ್ಲವರಿಗೆ ಜಾರುಗಮಕದ ಸುಖ ಹೊಸದಲ್ಲ. ಆದರೆ ಗೋಟುವಾದ್ಯದಲ್ಲಾಗಲಿ ಕಾಬ್ರಾ ಅವರ ಗಿಟಾರಿನಲ್ಲಾಗಲಿ ರಾಗ ನಡೆಯುವುದು ಒಂದೇ ಸ್ವರದ ಹಾದಿಯಲ್ಲಿ. ಹವಾಯಿಯ ವಾದಕ ಎರಡು ಮೂರು ತಂತಿಗಳನ್ನು ಒಟ್ಟಿಗೆ ಶ್ರುತಿಯಲ್ಲಿ ಹಿಡಿದು ಜಾರಬೇಕು. ಅಲ್ಲಿಯ ಓರೆ ಇಲ್ಲಿ ಬೇಕಾಗಲಿಲ್ಲ.

ಕೇಳಲು ತೊಡಗುವವರಿಗೆ ಜೆರ್ರಿ ಬರ್ಡ್ ಅವರ ಹೆಸರು ಹೇಳುತ್ತೇನೆ. 1920ರಲ್ಲಿ ಓಹಾಯೋದಲ್ಲಿ ಹುಟ್ಟಿದ ಇವರು ಹುಡುಗನಾಗಿದ್ದಾಗ ಹವಾಯಿಯ ವಾದಕರ ತಂಡವೊಂದನ್ನು ಕೇಳಿ ಈ ವಾದ್ಯಕ್ಕೆ ಒಲಿದರು. ಸಿ ಸಿಕ್ಸ್ತ್ ಶ್ರುತಿ ಹರಡಿದ್ದರಲ್ಲಿ ಇವರ ಪಾಲು ದೊಡ್ಡದು. ಬೇಕಲೈಟ್ ರಿಕನ್‌ಬ್ಯಾಕರ್ ಇವರ ನೆಚ್ಚಿನ ವಾದ್ಯ. ಸುತ್ತಲಿನವರೆಲ್ಲ ಪೆಡಲ್ ಕಡೆ ಹೊರಳಿದಾಗಲೂ ಇವರು ಹೊರಳಲಿಲ್ಲ. ಇವರ ಮುದ್ರಿಕೆಗಳಲ್ಲಿ ಜೋಡಿ ಸ್ವರಗಳು ಜಾರುವಾಗ ಒಂದು ಹೆಚ್ಚು ದೂರ, ಇನ್ನೊಂದು ಕಡಿಮೆ ದೂರ ಸಾಗುವ ಜಾಗಗಳಿಗೆ ಕಿವಿಗೊಡಿ, ಸರಳು ತಿರುಗಿದ್ದು ಅಲ್ಲಿ. 1970ರ ದಶಕದ ಆರಂಭದಲ್ಲಿ ಬರ್ಡ್ ಹೊನೊಲುಲುಗೆ ಹೋಗಿ ನೆಲೆಸಿದರು, 2005ರಲ್ಲಿ ತೀರಿಕೊಳ್ಳುವ ಮುನ್ನ ಅಲ್ಲಿಯ ಎಳೆಯರಿಗೆ ಅವರದೇ ನಾಡಿನ ವಾದ್ಯವನ್ನು ಕಲಿಸಿದರು. ಇಂದು ಹವಾಯಿಯಲ್ಲಿ ಸ್ಟೀಲ್ ಗಿಟಾರು ನುಡಿಸುತ್ತ, ಕಲಿಸುತ್ತ ಇರುವ ಅಲನ್ ಅಕಾಕ ಬರ್ಡ್ ಅವರ ಶಿಷ್ಯರಲ್ಲೊಬ್ಬರು.